ಕಣಿವೆ ಒಂದೇ, ಹಕ್ಕಿಗೊಂದು ಚರಿತ್ರೆ

ಚಿಕ್ಕಮಗಳೂರಿನಲ್ಲಿ ಪಕ್ಷಿಪ್ರಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿನಲ್ಲಿ ನಿಮ್ಮಲ್ಲಿ ಬಹಳ ಮಂದಿ ಕುಳಿತಿರುತ್ತೀರಿ. 57 ಸುರಂಗ, ಒಂದರ ಹಿಂದೆ ಒಂದು ಸೇತುವೆ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಿನಗಟ್ಟಲೆ ಸಂಚಾರ ಬಂದ್. ಘಟ್ಟ ದಾಟುವುದೆಂದರೆ ಹೀಗೆಯೇ ಎಂದು ನಮಗೆ ಅಭ್ಯಾಸವಾಗಿದೆ. ಆದರೆ ಕೊಯಮತ್ತೂರಿನಿಂದ ಪಾಲಕ್ಕಾಡಿಗೆ ಹೊರಟ ರೈಲು ಅದೇ ಪಶ್ಚಿಮ ಘಟ್ಟವನ್ನು ದಾಟಿದ್ದು ಒಳಗೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಎರಡೂ ಕಡೆ ದೂರದಲ್ಲಿ ಬೆಟ್ಟಗಳು ಕಾಣುತ್ತವೆ, ನಡುವೆ ಗದ್ದೆ, ತೆಂಗು, ಊರುಗಳು. ಸುಮಾರು 1,600 ಕಿಲೋಮೀಟರ್ ಉದ್ದದ ಬೆಟ್ಟಸಾಲಿನಲ್ಲಿ ಅತ್ಯಂತ ಅಗಲವಾದ, ಅತ್ಯಂತ ಆಳವಾದ ಬಿರುಕು ಅದು: ಪಾಲಕ್ಕಾಡ್ ಕಣಿವೆ. ಉತ್ತರಕ್ಕೆ ನೀಲಗಿರಿಯ ದೊಡ್ಡಬೆಟ್ಟ, 2,637 ಮೀಟರ್. ದಕ್ಷಿಣಕ್ಕೆ ಆನೈಮಲೈ ಭಾಗದ ಆನಮುಡಿ, 2,695 ಮೀಟರ್. ನಡುವಿನ ತಳದ ಬಹುಭಾಗ 300 ಮೀಟರ್ ಎತ್ತರವನ್ನೂ ಮುಟ್ಟುವುದಿಲ್ಲ. ಅಗಲ ಮೂವತ್ತು ನಲವತ್ತು ಕಿಲೋಮೀಟರ್.

ಮನುಷ್ಯರಿಗೆ ಇಷ್ಟು ಸುಲಭವಾದ ಈ ದಾರಿ ಕೆಲವು ಹಕ್ಕಿಗಳಿಗೆ ದಾಟಲಾಗದ ಗಡಿ. ಇನ್ನು ಕೆಲವು ಹಕ್ಕಿಗಳಿಗೆ ಅದು ಗಡಿಯೇ ಅಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನು. ಬೆಟ್ಟ ಎದ್ದಿತು, ನದಿ ಹರಿಯಿತು, ಹಕ್ಕಿ ಎರಡಾಯಿತು ಎಂದು ಶಾಲೆಯ ಪಾಠದಲ್ಲಿ ಓದುತ್ತೇವೆ. ಅಷ್ಟರಿಂದಲೇ ಹಕ್ಕಿ ಎರಡಾಗುವುದಿಲ್ಲ. ನೆಲದ ಚರಿತ್ರೆಯ ಜೊತೆಗೆ ಆ ಹಕ್ಕಿಯ ರೆಕ್ಕೆ, ಅದರ ಸ್ವಭಾವ, ಅದು ಆ ನೆಲದಲ್ಲಿ ಕಳೆದಿರುವ ಕಾಲ, ಇವೆಲ್ಲವೂ ಸೇರಬೇಕು.

ಶೋಲಾ ಕಾಡಿನಿಂದ ಶುರು ಮಾಡುತ್ತೇನೆ. ನಿಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಾಬಾಬುಡನ್‌ಗಿರಿಯ ಮೇಲೆ ಹುಲ್ಲುಗಾವಲಿನ ಮಡಿಕೆಗಳಲ್ಲಿ, ನೀರಿನ ಜಾಡು ಇರುವ ಕಡೆ ಒತ್ತಾಗಿ ಬೆಳೆದು ನಿಂತ ಗಿಡ್ಡ ಮರಗಳ ಕಾಡು. ಕಾಂಡದ ತುಂಬ ಪಾಚಿ, ನೆಲದ ತುಂಬ ಕೊಳೆತ ಎಲೆ, ನಡುಹಗಲಲ್ಲೂ ಒಳಗೆ ಮಬ್ಬು. ಸಾಮಾನ್ಯವಾಗಿ 1,400 ಮೀಟರ್ ಮೇಲೆ ಮಾತ್ರ ಇದರ ಆಟ. ಅದಕ್ಕಿಂತ ಕೆಳಗೆ ಬೇರೆ ಕಾಡು, ಬೇರೆ ಸೆಕೆ, ಬೇರೆ ಹುಳುಹುಪ್ಪಟೆ. ಹಾಗಾಗಿ ಎತ್ತರದ ಶೋಲಾದಲ್ಲೇ ಬದುಕು ಕಟ್ಟಿಕೊಂಡ ಜೀವಿಗೆ ಒಂದೊಂದು ಬೆಟ್ಟದ ತಲೆಯೂ ಒಂದೊಂದು ದ್ವೀಪ. ವಿಜ್ಞಾನಿಗಳು ಇವುಗಳನ್ನು ಆಕಾಶ ದ್ವೀಪಗಳು ಎನ್ನುತ್ತಾರೆ.

ಈ ದ್ವೀಪಗಳ ಒಬ್ಬ ನಿವಾಸಿಯನ್ನು ಹತ್ತಿರದಿಂದ ನೋಡೋಣ. ಶೋಲಾಕಿಳಿ. ಗುಬ್ಬಿಯಷ್ಟೇ ಗಾತ್ರ, ಉದ್ದ ಕಾಲು, ಮೋಟು ಬಾಲ, ಗಂಡಿನ ಮೈ ಸ್ಲೇಟು ನೀಲಿ. ಪೊದೆಯ ಅಡಿಯ ನೆರಳಿನಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಕುಪ್ಪಳಿಸುತ್ತಾ ಹುಳು ಹೆಕ್ಕುತ್ತದೆ. ಬಯಲಿಗೆ ಬರುವುದು ಅಪರೂಪ. ಹಾರುವುದಿದ್ದರೂ ಒಂದು ಪೊದೆಯಿಂದ ಇನ್ನೊಂದು ಪೊದೆಗೆ. ಕಾಣಿಸುವುದಕ್ಕಿಂತ ಕೇಳಿಸುವುದೇ ಹೆಚ್ಚು: ಬೆಳಗಿನ ಜಾವ ತೊರೆಯ ಪಕ್ಕದಿಂದ ತೆಳುವಾದ, ಸುತ್ತಿ ಸುತ್ತಿ ಬರುವ ಸಿಳ್ಳೆ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ, ಅಂದರೆ ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್ ಬೆಟ್ಟಗಳಲ್ಲಿ ಇರುವ ಹಕ್ಕಿಯ ಹೊಟ್ಟೆಯ ಪಕ್ಕೆಗಳು ಇಟ್ಟಿಗೆ ಕೆಂಪು. ಕಣಿವೆಯ ದಕ್ಷಿಣಕ್ಕೆ ಹೋದರೆ ಆ ಕೆಂಪು ಇಲ್ಲ. ಪಕ್ಕೆಯೂ ನೀಲಿಬೂದು, ಹೊಟ್ಟೆ ಬಿಳಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ನಿಸರ್ಗತಜ್ಞ ಜೆರ್ಡನ್ ಉತ್ತರದ ಹಕ್ಕಿಗೆ ಒಂದು ಹೆಸರಿಟ್ಟರು, ಇನ್ನೊಬ್ಬ ಬ್ರಿಟಿಷ್ ನಿಸರ್ಗತಜ್ಞ ಬ್ಲಾನ್‌ಫರ್ಡ್ 1868ರಲ್ಲಿ ದಕ್ಷಿಣದ ಹಕ್ಕಿಗೆ ಇನ್ನೊಂದು ಹೆಸರಿಟ್ಟರು. ಮುಂದೆ ಇಪ್ಪತ್ತನೆಯ ಶತಮಾನದ ಪಟ್ಟಿಗಳಲ್ಲಿ ಎರಡನ್ನೂ ಸೇರಿಸಿ ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಬರೆದರು. ಹಾಗೆ ಸೇರಿಸಿದ್ದಕ್ಕೆ ಆಗ ಅವರಿಗೆ ಕಾರಣವೂ ಇತ್ತು: ಕೈಯಲ್ಲಿ ಇದ್ದದ್ದು ಸಂಗ್ರಹಾಲಯದ ಚರ್ಮಗಳು, ನೋಡಬಹುದಾಗಿದ್ದದ್ದು ಪುಕ್ಕದ ಬಣ್ಣ ಮತ್ತು ಅಳತೆ. ಈ ಹಕ್ಕಿಗಳು ಎಷ್ಟು ಕಾಲದಿಂದ ಬೇರೆಯಾಗಿವೆ ಎಂಬುದನ್ನು ಪುಕ್ಕ ಹೇಳುವುದಿಲ್ಲ.

ರಕ್ತ ಹೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಸಂಶೋಧಕ ವಿ. ವಿ. ರಾಬಿನ್ ಮತ್ತು ಅನಿಂದ್ಯ ಸಿನ್ಹಾ ಈ ಕೆಲಸಕ್ಕೆ ಇಳಿದು 2010ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಕೆಲಸದ ವಿಧಾನ ಹೀಗೆ. ಕೂದಲಿನಷ್ಟು ತೆಳುವಾದ ದಾರದ ಬಲೆಯನ್ನು ಪೊದೆಗಳ ನಡುವೆ ನಿಲ್ಲಿಸುತ್ತಾರೆ. ಕಾಡಿನ ಮಬ್ಬಿನಲ್ಲಿ ಅದು ಹಕ್ಕಿಯ ಕಣ್ಣಿಗೆ ಬೀಳುವುದಿಲ್ಲ. ಬಲೆಯ ಜೋಲಿಗೆ ಬಿದ್ದ ಹಕ್ಕಿಯನ್ನು ಮೆಲ್ಲನೆ ಬಿಡಿಸಿ, ತೂಗಿ, ರೆಕ್ಕೆ ಮತ್ತು ಕಾಲು ಅಳೆದು, ರೆಕ್ಕೆಯ ಅಡಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು, ಕಾಲಿಗೆ ಗುರುತಿನ ಉಂಗುರ ಹಾಕಿ ಅಲ್ಲೇ ಹಾರಿಬಿಡುತ್ತಾರೆ. ಆ ಒಂದು ಹನಿಯಲ್ಲಿ ಇರುವ ಡಿಎನ್‌ಎಯನ್ನು ಬೇರೆ ಬೆಟ್ಟದ ಹಕ್ಕಿಯದರ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿದರೆ ಇಬ್ಬರ ಪೂರ್ವಜರು ಯಾವಾಗ ಬೇರೆಯಾದರು ಎಂಬ ಅಂದಾಜು ಸಿಗುತ್ತದೆ. ಕಣಿವೆಯ ಎರಡು ಕಡೆಯ ಶೋಲಾಕಿಳಿಗಳ ನಡುವೆ ಕಂಡ ಅಂತರ ಬಹಳ ದೊಡ್ಡದು. ಉಪಪ್ರಭೇದ ಎಂಬ ಮಾತಿಗೆ ಅದು ಒಗ್ಗುವುದೇ ಇಲ್ಲ.

2017ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಈ ಹಕ್ಕಿಗಳನ್ನು ಅಲ್ಲಿಯವರೆಗೆ ಯಾವ ಯಾವ ಕುಲಗಳಿಗೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳಿಗೆ, ಸೇರಿಸಿದ್ದರೋ ಅವುಗಳಿಗೆ ಇವು ಸೇರಿದವೇ ಅಲ್ಲ. ಇವುಗಳ ಹತ್ತಿರದ ಬಂಧುಗಳು ಹಿಮಾಲಯ ಮತ್ತು ಆಗ್ನೇಯ ಏಷ್ಯಾ ಕಡೆಯ ನೊಣಹಿಡುಕಗಳು. ಹಾಗಾಗಿ ಹೊಸ ಕುಲವನ್ನೇ ಮಾಡಬೇಕಾಯಿತು: ಶೋಲಿಕೋಲ. ಅದರೊಳಗೆ ಮೂರು ಪ್ರಭೇದ. ನೀಲಗಿರಿ ಕಡೆಯದು ಒಂದು, ಆನೈಮಲೈ ಪಳನಿ ಕಡೆಯದು ಒಂದು. ಮೂರನೆಯದು ಇನ್ನೂ ದಕ್ಷಿಣಕ್ಕೆ, ಶೆಂಕೋಟೆ ಕಣಿವೆ ದಾಟಿದ ಮೇಲೆ ಸಿಗುವ ಅಗಸ್ತ್ಯಮಲೆ ಬೆಟ್ಟಗಳದ್ದು. ಅದಕ್ಕೆ ಅಲ್ಲಿಯವರೆಗೆ ಹೆಸರೇ ಇರಲಿಲ್ಲ. ಇದೇ ಬೆಟ್ಟಗಳಲ್ಲಿ ನಗುವಂತೆ ಗಟ್ಟಿಯಾಗಿ ಕೂಗುವ ಚಿಲಪ್ಪನ್ ಹಕ್ಕಿಗಳ ಕಥೆಯೂ ಹಾಗೆಯೇ. ಅವುಗಳಿಗೂ ಮಾಂಟೆಸಿಂಕ್ಲ ಎಂಬ ಹೊಸ ಕುಲ, ಅದರಲ್ಲಿ ನಾಲ್ಕು ಪ್ರಭೇದ: ನೀಲಗಿರಿಯದು, ಬಾಣಾಸುರ ಬೆಟ್ಟದ ಕಡೆಯದು, ಪಳನಿಯದು, ಅಗಸ್ತ್ಯಮಲೆಯದು. ನಕ್ಷೆಯ ಮೇಲೆ ಇಟ್ಟು ನೋಡಿದರೆ ಎರಡೂ ಕುಲಗಳ ಮುಖ್ಯ ಗಡಿಗಳು ಅವೇ ಕಣಿವೆಗಳ ಮೇಲೆ ಕೂರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಂಶಗಳು ಒಂದೇ ಕಡೆ ಸೀಳಿಕೊಂಡಿದ್ದರೆ ಆ ಸೀಳಿಗೆ ನೆಲವೇ ಕಾರಣ ಎಂದು ನಂಬಲು ಧೈರ್ಯ ಬರುತ್ತದೆ.

ಹಿಮಾಲಯದ ಬಂಧುಗಳಿಂದ ಇಷ್ಟು ದೂರ ಇವು ಬಂದದ್ದು ಹೇಗೆ ಎಂಬುದು ಹಳೆಯ ಪ್ರಶ್ನೆ. ಮೀನುಗಳ ತಜ್ಞ ಸುಂದರ್ ಲಾಲ್ ಹೋರಾ, ಸಾತ್ಪುರ ಬೆಟ್ಟಸಾಲು ಒಂದು ಕಾಲಕ್ಕೆ ಹಸಿರು ಸೇತುವೆಯಾಗಿತ್ತು ಎಂದು ವಾದಿಸಿದರು. ಸಾಲಿಂ ಅಲಿ 1949ರಲ್ಲಿ ಅದೇ ವಾದವನ್ನು ಹಕ್ಕಿಗಳಿಗೆ ಅನ್ವಯಿಸಿ ಬರೆದರು. ಅದರ ಚರ್ಚೆಗೆ ಹೋದರೆ ಇವತ್ತು ಮನೆಗೆ ಹೋಗುವುದಿಲ್ಲ, ಬಿಡೋಣ.

ನನ್ನನ್ನು ಬಹಳ ಕಾಡಿದ ಒಗಟು ಬೇರೆ. ಪಾಲಕ್ಕಾಡ್ ಕಣಿವೆ ಇರುವುದು ಕೋಟ್ಯಂತರ ವರ್ಷ ಹಳೆಯದಾದ ಶಿಲಾ ಬಿರುಕಿನ ವಲಯದ ಮೇಲೆ. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಆಗ ಉಳಿದ ಅಂಚೇ ಮುಂದೆ ಸವೆದು ಪಶ್ಚಿಮ ಘಟ್ಟದ ರೂಪ ಪಡೆಯಿತು. ಆದರೆ ಈ ಹಕ್ಕಿಗಳ ಕವಲುಗಳನ್ನು ಎಣಿಸುವುದು ಕೆಲವೇ ಲಕ್ಷ ಅಥವಾ ಕೆಲವು ದಶಲಕ್ಷ ವರ್ಷಗಳಲ್ಲಿ. ಕಣಿವೆ ಅಜ್ಜನ ಅಜ್ಜನಿಗಿಂತ ಹಳೆಯದು, ಹಕ್ಕಿ ನಿನ್ನೆ ಮೊನ್ನೆಯದು. ಹಕ್ಕಿ ಬರುವ ಹೊತ್ತಿಗೆ ಕಣಿವೆ ಅಲ್ಲೇ ಇತ್ತು. ಹಾಗಿದ್ದರೆ ಎರಡೂ ದಂಡೆಗೆ ಅದು ಹೇಗೆ ತಲುಪಿತು? ತಲುಪಲು ಆಗಿದ್ದರೆ ಆಮೇಲೆ ಯಾಕೆ ಬೇರೆಯಾಯಿತು?

ಇದಕ್ಕೆ ಉತ್ತರ ಬೆಟ್ಟದ ಕಲ್ಲಿನಲ್ಲಿಲ್ಲ, ಕಾಡಿನಲ್ಲಿದೆ. ಬೆಟ್ಟ ನಿಂತಲ್ಲೇ ನಿಂತಿದ್ದರೂ ಕಾಡು ನಿಂತಲ್ಲಿ ನಿಲ್ಲುವುದಿಲ್ಲ. ಹಿಮಯುಗಗಳು ಬಂದು ಹೋದಂತೆ ಕಾಡು ಹತ್ತಿದೆ, ಇಳಿದಿದೆ, ಕುಗ್ಗಿದೆ, ಹರಡಿದೆ. ನಮ್ಮಲ್ಲಿ ಹಿಮನದಿ ಹರಿಯಲಿಲ್ಲ, ನಿಜ. ಆದರೆ ಭೂಮಿ ತಣ್ಣಗಾದಾಗ ಮುಂಗಾರು ಬಡವಾಯಿತು.

ಇದಕ್ಕೆ ಸಾಕ್ಷಿ ನೀಲಗಿರಿಯ ಜವುಗಿನಲ್ಲೇ ಸಿಕ್ಕಿದೆ. ಅಲ್ಲಿಯ ತಗ್ಗುಗಳಲ್ಲಿ ಸತ್ತ ಹುಲ್ಲು, ಎಲೆ, ಬೇರು ನೀರಿನಡಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕಪ್ಪಗೆ ಕೂತಿವೆ. ಪೀಟ್ ಎನ್ನುವುದು ಇದನ್ನೇ. ಆಳಕ್ಕೆ ಹೋದಷ್ಟೂ ಹಳೆಯ ಕಾಲ. ಉಷ್ಣವಲಯದ ಬಹುಪಾಲು ಹುಲ್ಲುಗಳು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವ ರೀತಿಯೇ ಬೇರೆ, ಮರಗಳ ರೀತಿಯೇ ಬೇರೆ. ಹಾಗಾಗಿ ಹುಲ್ಲಿನಿಂದ ಆದ ಪೀಟ್‌ನಲ್ಲಿ ಇಂಗಾಲದ ಭಾರದ ರೂಪ, ಇಂಗಾಲ-13, ತುಸು ಹೆಚ್ಚು ಉಳಿಯುತ್ತದೆ. ಒಂದೊಂದು ಪದರದಲ್ಲಿ ಅದನ್ನು ಅಳೆದರೆ ಆ ಕಾಲದಲ್ಲಿ ಅಲ್ಲಿ ಹುಲ್ಲು ಮೇಲುಗೈ ಆಗಿತ್ತೋ ಮರಗಿಡಗಳೋ ಎಂದು ಹೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಇದನ್ನೇ ಮಾಡಿ ತೋರಿಸಿದರು; ಅವರ ದಾಖಲೆ 20,000 ವರ್ಷಗಳ ಹಿಂದಕ್ಕೆ ಹೋಗುತ್ತದೆ. ಕಳೆದ ಹಿಮಯುಗದ ಕಡು ಚಳಿಯಲ್ಲಿ ಆ ಬೆಟ್ಟಗಳು ಒಣಗಿದ್ದವು, ಹುಲ್ಲು ಆಳುತ್ತಿತ್ತು. ಆಮೇಲೆ ಮುಂಗಾರು ಬಲಗೊಂಡಾಗ ಚಿತ್ರ ಬದಲಾಯಿತು.

ಇಂಥ ಏರಿಳಿತ ಕಳೆದ 26 ಲಕ್ಷ ವರ್ಷಗಳಲ್ಲಿ ಮತ್ತೆ ಮತ್ತೆ ಆಗಿದೆ. ತಂಪೂ ತೇವವೂ ಕೂಡಿಬಂದ ಕಾಲದಲ್ಲಿ ಎತ್ತರದ ಕಾಡು ಇಳಿಜಾರಿನಲ್ಲಿ ಕೆಳಗಿಳಿದು ಪಕ್ಕದ ಬೆಟ್ಟದ ಕಾಡಿಗೆ ಹತ್ತಿರವಾಗುತ್ತದೆ. ಒಣಗಿದಾಗ ಅಥವಾ ಸೆಕೆಯಾದಾಗ ಮತ್ತೆ ನೆತ್ತಿಗೆ, ಮಡಿಕೆಗಳಿಗೆ ಹಿಂದೆ ಸರಿಯುತ್ತದೆ. ಹೀಗೆ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸುವ ಚಲನೆಯೇ ಹೊಸ ಪ್ರಭೇದಗಳನ್ನು ಹೊರತರುವ ಪಂಪು ಎಂದು ಕೆಲವು ವಿಜ್ಞಾನಿಗಳು ಕರೆದಿದ್ದಾರೆ. ಎಲ್ಲಿ ಸೀಳಬೇಕು ಎಂಬುದನ್ನು ಕಣಿವೆ ತೀರ್ಮಾನಿಸುತ್ತದೆ, ಯಾವಾಗ ಎಂಬುದನ್ನು ಹವಾಮಾನ ತೀರ್ಮಾನಿಸುತ್ತದೆ. ಯಾರನ್ನು ಎಂಬುದೊಂದು ಉಳಿಯಿತು.

ಆ ಪ್ರಶ್ನೆಯನ್ನು ಎದುರಿಸಬೇಕಾದರೆ ಒಂದು ಹಕ್ಕಿಯನ್ನು ಆರಿಸಿಕೊಂಡು ಕೂತರೆ ಸಾಲದು, ಬೆಟ್ಟದ ಮೇಲಿನ ಇಡೀ ಹಕ್ಕಿ ಸಮುದಾಯವನ್ನೇ ಕೇಳಬೇಕು. 2015ರಲ್ಲಿ ರಾಬಿನ್, ಉಮಾ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಅದನ್ನೇ ಮಾಡಿತು. ಒಂಬತ್ತು ಸ್ಥಳ, 23 ಪ್ರಭೇದ, 356 ಹಕ್ಕಿ. ನನ್ನ ಮಟ್ಟಿಗೆ ಇದು ನಮ್ಮ ಬೆಟ್ಟಗಳ ಬಗ್ಗೆ ಬಂದಿರುವ ಅತ್ಯಂತ ಮುಖ್ಯವಾದ ಅಧ್ಯಯನಗಳಲ್ಲಿ ಒಂದು, ಯಾಕೆಂದರೆ ಅದು ತನಗೆ ಒಪ್ಪುವ ಉದಾಹರಣೆಯನ್ನು ಮಾತ್ರ ಹೆಕ್ಕಿಕೊಳ್ಳಲಿಲ್ಲ. 23ರಲ್ಲಿ 10 ಪ್ರಭೇದಗಳಲ್ಲಿ ಅತ್ಯಂತ ಹಳೆಯ ಸೀಳು ಪಾಲಕ್ಕಾಡ್ ಕಣಿವೆಯಲ್ಲೇ ಇತ್ತು. ಆ ಹತ್ತರಲ್ಲಿ ಕೆಲವು ಮಾತ್ರ ಇನ್ನೂ ಕಿರಿದಾದ, ಅಷ್ಟು ಆಳವಿಲ್ಲದ ಕಣಿವೆಗಳಲ್ಲೂ ಸೀಳಿದ್ದವು, ಆ ಸೀಳುಗಳು ಈಚಿನವು. ಪಾಲಕ್ಕಾಡಿನಲ್ಲಿ ಸೀಳಿದ ಹಕ್ಕಿಗಳೂ ಒಂದೇ ಕಾಲದಲ್ಲಿ ಸೀಳಿದವಲ್ಲ; ಒಂದೊಂದರ ಕಾಲ ಒಂದೊಂದು. ಉಳಿದವುಗಳಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚಿನವುಗಳಿಗೆ, ಕಣಿವೆಯ ಗುರುತೇ ಇರಲಿಲ್ಲ. ಅವು ದಾಟುತ್ತಲೇ ಇರಬಹುದು, ಅಥವಾ ಒಂದು ಕಡೆ ಅಳಿದುಹೋಗಿ ಇನ್ನೊಂದು ಕಡೆಯಿಂದ ಬಂದು ಮತ್ತೆ ನೆಲೆಸಿರಬಹುದು.

ಕಣಿವೆ ಒಂದೇ, ಮಳೆ ಒಂದೇ, ಹಿಮಯುಗ ಒಂದೇ. ಬಂದ ಉತ್ತರ ಮಾತ್ರ ಹಕ್ಕಿಗೊಂದು.

ಇದು ನಮ್ಮ ಘಟ್ಟದ ವಿಶೇಷವೇನಲ್ಲ. ಅಮೆಜಾನಿನ ಬಗ್ಗೆ ಬ್ರಿಟಿಷ್ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವಾಲೇಸ್ 1852ರಲ್ಲೇ ಬರೆದಿದ್ದರು: ದೊಡ್ಡ ನದಿಯ ಈ ದಡದ ಕೋತಿ ಆ ದಡದಲ್ಲಿ ಇಲ್ಲ, ಸಂಗ್ರಹಕಾರರು ಮಾದರಿಯ ಚೀಟಿಯಲ್ಲಿ ಯಾವ ದಡ ಎಂದು ಬರೆಯದಿದ್ದರೆ ಪ್ರಯೋಜನವಿಲ್ಲ ಎಂದು. 1969ರಲ್ಲಿ ಜರ್ಮನಿಯ ಭೂವಿಜ್ಞಾನಿ ಯುರ್ಗೆನ್ ಹಾಫರ್, ಹಿಮಯುಗದಲ್ಲಿ ಅಮೆಜಾನ್ ಒಣಗಿ ಚೂರು ಚೂರು ಕಾಡುಗಳಾಗಿತ್ತು, ಆ ಚೂರುಗಳಲ್ಲೇ ಹಕ್ಕಿಗಳು ಬೇರೆಬೇರೆಯಾದವು ಎಂದರು. ಬಹಳ ಚೆಂದದ ವಾದ, ಒಂದು ತಲೆಮಾರು ಅದನ್ನು ನಂಬಿತು. ಆಮೇಲೆ ಅಲ್ಲಿಯ ಸರೋವರದ ತಳದ ಪರಾಗ ತೆಗೆದು ನೋಡಿದಾಗ ಹಿಮಯುಗದಲ್ಲೂ ಕಾಡು ಕಾಡಾಗಿಯೇ ಇದ್ದ ಗುರುತು ಸಿಕ್ಕಿತು. 2014ರಲ್ಲಿ ಬ್ರಯಾನ್ ಸ್ಮಿತ್ ಮತ್ತು ಸಂಗಡಿಗರು 27 ಹಕ್ಕಿ ವಂಶಗಳನ್ನು ಒಟ್ಟಿಗೆ ಪರಿಶೀಲಿಸಿದರು. ಆಂಡಿಸ್ ಪರ್ವತ ಎದ್ದ ಕಾಲಕ್ಕೂ ಪ್ರಭೇದಗಳು ಹುಟ್ಟಿದ ಕಾಲಕ್ಕೂ ಅವರಿಗೆ ನೇರ ತಾಳೆ ಕಾಣಲಿಲ್ಲ. ಆ ನೆಲದಲ್ಲಿ ಹೆಚ್ಚು ಕಾಲದಿಂದ ಇರುವ ವಂಶಗಳು, ದೂರ ಹಾರಲು ಒಲ್ಲದ ವಂಶಗಳು ಹೆಚ್ಚು ಕವಲೊಡೆದಿದ್ದವು. ಕಾಡಿನ ನೆತ್ತಿಯಲ್ಲಿ ಹಾರಾಡುವ ಹಕ್ಕಿಗಿಂತ ನೆಲದ ನೆರಳಿನ ಹಕ್ಕಿ ಹೆಚ್ಚು ಸೀಳುತ್ತದೆ.

ದೂರ ಹಾರಲು ಒಲ್ಲದು ಎಂದೆ. ಹಕ್ಕಿ ಅಂದ ಮೇಲೆ ಹಾರುವುದಿಲ್ಲವೇ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟುನ್ ಸರೋವರ ತುಂಬಿಕೊಂಡು ಗುಡ್ಡದ ತುದಿಗಳು ದ್ವೀಪಗಳಾದವು. ಅಲ್ಲಿ ಸಂಶೋಧಕರು ಕಾಡಿನ ಹಕ್ಕಿಗಳನ್ನು ಹಿಡಿದು, ದೋಣಿಯಲ್ಲಿ ಒಯ್ದು, ದಡದಿಂದ 100, 200, 300 ಮೀಟರ್ ದೂರದಲ್ಲಿ ನೀರಿನ ಮೇಲೆ ಹಾರಿಬಿಟ್ಟು ನೋಡಿದರು. ಕೆಲವು ಪ್ರಭೇದಗಳು ಸಲೀಸಾಗಿ ದಡ ಸೇರಿದವು. ಇನ್ನು ಕೆಲವಕ್ಕೆ 100 ಮೀಟರ್ ಕೂಡ ಆಗಲಿಲ್ಲ. 2008ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ಮೇಲೆ ನಾನು ಶೋಲಾಕಿಳಿಯ ಮೊಂಡಾದ, ಗುಂಡಗಿನ ರೆಕ್ಕೆಯನ್ನು ನೋಡುವ ರೀತಿಯೇ ಬದಲಾಯಿತು. ಆ ರೆಕ್ಕೆ ಪೊದೆಯೊಳಗೆ ತಟ್ಟನೆ ತಿರುಗಲು ಹೇಳಿಮಾಡಿಸಿದ್ದು, ಬಯಲು ದಾಟಲು ಅಲ್ಲ. ರೆಕ್ಕೆ ಸಾಕಾಗುವ ಹಕ್ಕಿಗೂ ಬಯಲಿಗೆ ಬರುವ ಮನಸ್ಸಿರಬೇಕು. ಸಾವಿರಾರು ತಲೆಮಾರು ನೆರಳಿನಲ್ಲೇ ಕಳೆದ ಹಕ್ಕಿಗೆ ಬಿಸಿಲಿನ ತೆರಪೇ ಗೋಡೆ.

ಈಗ ನಮ್ಮ ಕಾಲದ ಸೀಳುಗಳಿಗೆ ಬರುತ್ತೇನೆ. ಎತ್ತರದ ಬೆಟ್ಟಗಳಲ್ಲಿ ಚಹಾ ತೋಟ, ನೀಲಗಿರಿ ಮರ, ಅಕೇಶಿಯಾ, ಪೈನ್ ಹಾಕತೊಡಗಿ ಇನ್ನೂರು ವರ್ಷಕ್ಕಿಂತ ಹೆಚ್ಚಾಗಿಲ್ಲ ಅಂತಿಟ್ಟುಕೊಳ್ಳಿ. ಹಕ್ಕಿಗಳ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೂ ಕಣಿವೆಯ ದಕ್ಷಿಣದ ಬೆಟ್ಟಗಳಲ್ಲಿ ಶೋಲಾಕಿಳಿ ಮತ್ತು ಚಿಲಪ್ಪನ್ ಎರಡನ್ನೂ ಪರೀಕ್ಷಿಸಿದಾಗ ಈ ಹೊಸ ತುಂಡರಿಕೆಯ ಗುರುತು ವಂಶವಾಹಿಯಲ್ಲಿ ಆಗಲೇ ಕಾಣತೊಡಗಿತ್ತು. ದ್ವೀಪದೊಳಗೆ ಇನ್ನಷ್ಟು ದ್ವೀಪಗಳು. ಹಾಡನ್ನೂ ಅಳೆದು ನೋಡಿದ್ದಾರೆ. 2016ರ ಅಧ್ಯಯನದ ಪ್ರಕಾರ ಪುರಾತನ ಕಣಿವೆ ಬೇರ್ಪಡಿಸಿದ ಹಕ್ಕಿಗಳ ಹಾಡಿನ ನಡುವಿನ ವ್ಯತ್ಯಾಸ, ಈಚೆಗೆ ಕಾಡು ಕಡಿದು ಬೇರ್ಪಡಿಸಿದ ಹಕ್ಕಿಗಳ ಹಾಡಿನ ನಡುವಿನದಕ್ಕಿಂತ ಹೆಚ್ಚು. ಹಾಡುಹಕ್ಕಿಗಳ ಮರಿಗಳು ಹಿರಿಯರನ್ನು ಕೇಳಿ ರಾಗ ಕಲಿಯುತ್ತವೆ, ಹಾಗಾಗಿ ದೂರವಾದ ಗುಂಪುಗಳ ಹಾಡು ಮೆಲ್ಲಮೆಲ್ಲನೆ ತನ್ನದೇ ದಾರಿ ಹಿಡಿಯುತ್ತದೆ.

ಶೋಲಾ ಎಂದರೆ ಮರ ಮಾತ್ರ ಎಂದುಕೊಂಡು ಹುಲ್ಲುಗಾವಲನ್ನು ಖಾಲಿ ಜಾಗ ಎಂದು ಬಗೆದು ಗಿಡ ನೆಡುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಆ ಪೀಟ್ ಹೇಳಿದ ಹಾಗೆ ಆ ಹುಲ್ಲು ಸಾವಿರಾರು ವರ್ಷಗಳಿಂದ ಅಲ್ಲಿದೆ. ಅದರದ್ದೇ ಹಕ್ಕಿಗಳೂ ಇವೆ. ನೀಲಗಿರಿ ಪಿಪಿಟ್ ಎತ್ತರದ ಹುಲ್ಲುಗಾವಲು ಬಿಟ್ಟು ಬೇರೆಲ್ಲೂ ಬಾಳದು. ಅಕೇಶಿಯಾ ಎದ್ದ ಕಡೆ ಅದು ಇಲ್ಲ.

ಕೊನೆಯಲ್ಲಿ ಕಾಫಿ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆ ಇದು: ನಮ್ಮ ಬಾಬಾಬುಡನ್‌ಗಿರಿಯ ಶೋಲಾಕಿಳಿ ನೀಲಗಿರಿಯಿಂದ ಇಷ್ಟು ದೂರ ಒಂಟಿಯಾಗಿದೆಯಲ್ಲ, ಮುಂದೆ ಅದೂ ಬೇರೆ ಪ್ರಭೇದವಾಗುತ್ತದೆಯೇ?

ಆಗಬಹುದು, ಲಕ್ಷಾಂತರ ವರ್ಷ ಸಿಕ್ಕರೆ. ಆದರೆ ಒಂಟಿಯಾದ ಸಣ್ಣ ಗುಂಪಿಗೆ ಇನ್ನೊಂದು ದಾರಿಯೂ ಇದೆ, ಅದು ಬೇರೆಯಾಗುವ ಮೊದಲೇ ಅಳಿದುಹೋಗುವುದು. ಹಿಂದೆಯೂ ಬೆಟ್ಟಗಳಲ್ಲಿ ಹಕ್ಕಿಗಳು ಹಾಗೆ ಅಳಿದಿರಬೇಕು. 2015ರ ಅಧ್ಯಯನ ಮುಂದಿಟ್ಟ ಸಾಧ್ಯತೆಗಳಲ್ಲಿ ಅದೂ ಒಂದು. ಆಗ ತಂಪು ಕಾಲ ಬಂದು ಕಾಡು ಇಳಿದಾಗ ಪಕ್ಕದ ಬೆಟ್ಟದಿಂದ ಬೇರೆ ಹಕ್ಕಿಗಳು ಬಂದು ಖಾಲಿಯಾದ ಜಾಗ ತುಂಬಬಹುದಿತ್ತು. ಈಗ ಭೂಮಿ ಬಿಸಿಯಾಗುತ್ತಿದೆ, ಎತ್ತರದ ಕಾಡು ಇನ್ನೂ ಮೇಲಕ್ಕೆ ಸರಿಯಬೇಕಾಗುತ್ತದೆ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಂದರೆ ಶೋಲಾ ಶುರುವಾಗುವ ಎತ್ತರದಿಂದ ನೆತ್ತಿಗೆ ಇರುವುದು ಸುಮಾರು 500 ಮೀಟರ್. ಕೆಳಗೆ ಬ್ರಹ್ಮಗಿರಿಯ ಕಡೆಗೆ ಇರುವ ತಗ್ಗಿನಲ್ಲಿ ತೋಟ, ರಸ್ತೆ, ಪಟ್ಟಣ. ಇಲ್ಲಿಯ ಹಕ್ಕಿ ಒಮ್ಮೆ ಹೋದರೆ ಅಲ್ಲಿಂದ ಇನ್ನೊಂದು ಬರುವ ದಾರಿ ಈಗ ಇಲ್ಲ.